ಅಂಟಿಸಿದ ಕಾಗೆ

ನೆನಪುಗಳನ್ನು ಕಾಗದಕ್ಕೆ ಅಂಟಿಸುವ ಚಟ ನನಗೆ ಹತ್ತಿದ್ದು ಮಗಳ ಶಾಲೆಯಿಂದ. ‘ನಮ್ಮ ಕುಟುಂಬದ ಪ್ರವಾಸ’ ಎಂಬ ವಿಷಯದ ಮೇಲೆ ಸ್ಕ್ರ್ಯಾಪ್‌ಬುಕ್ ಮಾಡಿಕೊಂಡು ಬನ್ನಿ ಎಂದು ಐದನೆಯ ತರಗತಿಯ ಮಕ್ಕಳಿಗೆಲ್ಲ ಹೇಳಿದ್ದರು. ಮಕ್ಕಳಿಗೆ ಹೇಳಿದ್ದನ್ನು ಅಪ್ಪ ಅಮ್ಮಂದಿರು ಮಾಡುವುದು ಹೊಳಲ್ಕೆರೆಯಲ್ಲೂ ರೂಢಿಯೇ. ಆ ವಾರ ನಮ್ಮೂರಿನ ಬುಕ್‌ಸ್ಟಾಲ್‌ನ ಮುಂದೆ ಬಣ್ಣದ ಕಾಗದಕ್ಕಾಗಿ ನಿಂತಿದ್ದವರಲ್ಲಿ ಐದನೆಯ ತರಗತಿಯ ವಯಸ್ಸಿನವರು ಒಬ್ಬರೂ ಇರಲಿಲ್ಲ. ನಾನೂ ಗಮ್ಮು, ಮಿಂಚಿನ ಪುಡಿ, ಅಂಚು ವಂಕಿವಂಕಿಯಾಗಿ ಕತ್ತರಿಸುವ ಕತ್ತರಿ ತಂದು ಮಾಡಿದೆ. ಮಗಳು ಮೇಲೆ ತನ್ನ ಹೆಸರು ಬರೆದಳು. ಟೀಚರ್ ‘ಬಿ’ ಕೊಟ್ಟು, ಕೆಂಪು ಶಾಯಿಯಲ್ಲಿ ‘ಇನ್ನೂ ಅಂದವಾಗಿ ಮಾಡಬಹುದಿತ್ತು’ ಎಂದು ಬರೆದು ಕಳಿಸಿದರು.

ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವ ನಾನು ಐದನೆಯ ತರಗತಿಯಲ್ಲಿ ಹಿಂದುಳಿದೆ. ಮಗಳಿಗೆ ಏನೂ ಬೇಸರವಾಗಲಿಲ್ಲ. ಬೇಸರವೆಲ್ಲ ನನ್ನ ಪಾಲಿಗೆ ಬಂತು. ಉಳಿದ ಕಾಗದ, ಉಳಿದ ಗಮ್ಮು ಇಟ್ಟುಕೊಂಡು, ಯಾರೂ ಕೇಳದಿದ್ದರೂ, ನಮ್ಮ ಮನೆಗೆಂದೇ ಇನ್ನೊಂದು ಪುಸ್ತಕ ಮಾಡಲು ಕೂತೆ.

ಅದಕ್ಕೆ ನಾನು ಕೊಟ್ಟುಕೊಂಡ ಕಾರಣ ಮಾತ್ರ ಗಂಭೀರವಾಗಿತ್ತು. ಕಾಲೇಜು ಸೇರಿದಾಗಿನಿಂದ ದಿನಚರಿ ಬರೆಯುತ್ತೇನೆ, ನೆನಪನ್ನು ನಂಬುವುದಿಲ್ಲ. ಮಾರಿ ಕಣಿವೆಯ ಅಣೆಕಟ್ಟು ತುಂಬಿ ಕೋಡಿ ಹರಿದ ವರ್ಷ ನಾವೆಲ್ಲ ಒಂದು ಟೆಂಪೊ ಮಾಡಿಕೊಂಡು ಚಿತ್ರದುರ್ಗದ ಕೋಟೆ ನೋಡಿ, ಹಿರಿಯೂರಿನ ಮೇಲೆ ಕಣಿವೆಗೆ ಹೋಗಿ, ಹೊಸದುರ್ಗದ ಕಡೆಯಿಂದ ವಾಪಸು ಬಂದಿದ್ದೆವು. ಮಂಡಕ್ಕಿಯ ಪೊಟ್ಟಣವನ್ನು ಕೋತಿ ಕಿತ್ತುಕೊಂಡಿದ್ದು ಕೋಟೆಯಲ್ಲಿ ಎಂದು ನನಗೆ ಚೆನ್ನಾಗಿ ನೆನಪಿದೆ. ಕಣಿವೆಯಲ್ಲಿ ಎಂದು ಹೆಂಡತಿಗೆ ನನಗಿಂತ ಚೆನ್ನಾಗಿ ನೆನಪಿದೆ. ಫೋಟೋದಲ್ಲಿ ಕೋತಿ ಇದೆ, ಪೊಟ್ಟಣ ಇದೆ, ಹಿಂದೆ ಬರೀ ಒಂದು ಗೋಡೆ. ದಿನಚರಿ ತೆಗೆದು ನೋಡಿದರೆ ‘ಎಲ್ಲರೂ ಹೋಗಿ ಬಂದೆವು, ಸಂತೋಷವಾಯಿತು’ ಎಂದಷ್ಟೇ ಇದೆ. ಇಂಥ ಗೊಂದಲಗಳಿಗೆ ಕೊನೆ ಹಾಡಲು ಫೋಟೋ, ಟಿಕೆಟ್ಟುಗಳ ಆಧಾರವಿರುವ ಪುಸ್ತಕವೇ ಸರಿ ಅನ್ನಿಸಿತ್ತು.

ಆ ಪ್ರವಾಸದ ಫೋಟೋಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ದೊಡ್ಡಮ್ಮನದು. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಮಾಡದಕೆರೆಯಲ್ಲಿ ಮಗನ ಜೊತೆ ಇದ್ದಾಳೆ. ಅವರದು ಕುರಿ ಮತ್ತು ಹೊಲ. ಅಮ್ಮ ಹೋದ ಮೇಲೆ ನಮ್ಮ ಮನೆಯ ದೊಡ್ಡ ತಲೆ ಎಂದರೆ ಅವಳೇ. ಕ್ಯಾಮೆರಾ ಕಂಡರೆ ರೇಷನ್ ಕಾರ್ಡಿಗೆ ನಿಂತವಳಂತೆ ಬಿಗಿದುಕೊಳ್ಳುವ ದೊಡ್ಡಮ್ಮ, ಅವತ್ತು ಕೋಡಿಯ ನೀರು ಮುಖಕ್ಕೆ ಸಿಡಿದಾಗ ಸೆರಗು ಹಿಡಿದುಕೊಂಡು ಬಾಯಿ ತುಂಬ ನಕ್ಕುಬಿಟ್ಟಿದ್ದಳು. ಆ ಫೋಟೋಗೆ ಒಂದು ಇಡೀ ಪುಟ ಕೊಟ್ಟೆ. ಕಾಗದದ ಸಣ್ಣ ಪಟ್ಟಿಗಳನ್ನು ಹಲ್ಲುಕಡ್ಡಿಗೆ ಸುತ್ತಿ ಸುತ್ತಿ ಹೂವು ಮಾಡುವುದನ್ನು ಮೊಬೈಲಿನಲ್ಲಿ ನೋಡಿ ಕಲಿತಿದ್ದೆ. ಕಿತ್ತಳೆ ಬಣ್ಣದ್ದು, ಬಿಳಿಯದ್ದು ಒಂದಾದ ಮೇಲೊಂದು ಮಾಡಿ, ಫೋಟೋದ ಮೇಲಿನ ಎರಡು ಮೂಲೆಗಳಿಂದ ಇಳಿದು ಕೆಳಗೆ ನಡುವಿನಲ್ಲಿ ಕೂಡುವಂತೆ ಅಂಟಿಸಿದೆ. ಕೆಳಗೆ ‘ನಮ್ಮ ದೊಡ್ಡಮ್ಮ, ಮಾಡದಕೆರೆ’ ಎಂದು ದುಂಡಗೆ ಬರೆದೆ. ಭಾನುವಾರ ಬೆಳಕು ಹರಿಯುವಾಗ ಕೊನೆಯ ಹೂವು ಕೂತಿತು. ಒಂದು ಫೋಟೋ ತೆಗೆದು ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೆಲಸವೇ ಮಾತಾಡಲಿ ಎಂದು ನಾನು ಒಂದಕ್ಷರವನ್ನೂ ಬರೆಯದೆ ಸ್ನಾನಕ್ಕೆ ಹೋದೆ.

ಕೆಲಸ ಮಾಡಿದ ಮೇಜಿನ ಮೇಲುಗಡೆ, ಗೋಡೆಯಲ್ಲಿ, ಅಮ್ಮನ ಪಟ ಇದೆ. ಅದಕ್ಕೂ ಒಂದು ಹಾರ ಇದೆ. ಒಂದು ವಾರ ಅದರ ಕೆಳಗೇ ಕೂತು ಹೂವು ಸುತ್ತಿದವನಿಗೆ ಏನೂ ಹೊಳೆದಿರಲಿಲ್ಲ.

ಸ್ನಾನ ಮುಗಿಸಿ ಬಂದಾಗ ಫೋನು ಮೇಜಿನ ಮೇಲೆ ಗುರ್ ಗುರ್ ಎನ್ನುತ್ತ ಅಂಚಿಗೆ ಬಂದಿತ್ತು. ‘ಓಂ ಶಾಂತಿ.’ ಅದರ ಕೆಳಗೆ ಇನ್ನೊಂದು ‘ಓಂ ಶಾಂತಿ.’ ಮುಗಿದ ಕೈಗಳು, ಉರಿಯುವ ದೀಪ, ಮತ್ತೆ ಮುಗಿದ ಕೈಗಳು. ಚಿತ್ರದುರ್ಗದ ನೆಂಟರೊಬ್ಬರು ‘ಮಣ್ಣು ಎಷ್ಟೊತ್ತಿಗೆ?’ ಎಂದು ಕೇಳಿದ್ದರು. ದೊಡ್ಡಮ್ಮ ಹೋದಳು ಎಂದುಕೊಂಡೆ. ನಾನು ಹಾಕಿದ ಚಿತ್ರವೇ ಇವರಿಗೆಲ್ಲ ಸುದ್ದಿ ಕೊಟ್ಟಿದೆ ಎಂದು ತಿಳಿಯುವ ಮೊದಲು ಸ್ವಲ್ಪ ಹೊತ್ತು, ಎಷ್ಟು ಹೊತ್ತೋ ಹೇಳಲಾರೆ, ನನ್ನ ಮಟ್ಟಿಗೆ ದೊಡ್ಡಮ್ಮ ಸತ್ತೇ ಹೋಗಿದ್ದಳು.

ಅಷ್ಟರಲ್ಲಿ ದೊಡ್ಡಮ್ಮನ ಮಗನ ಫೋನು ಬಂತು. ನನಗಿಂತ ದೊಡ್ಡವನು, ಅಣ್ಣ.

“ಏನ್ ಮೇಷ್ಟ್ರೇ, ನಮ್ಮವ್ವನ್ನ ಯಾವಾಗ ಸಾಯಿಸ್ದೆ?”

“ಅಣ್ಣ, ಅದು ಸ್ಕ್ರ್ಯಾಪ್‌ಬುಕ್ಕು...”

“ನಾನು ಕುರಿ ಹೊಡ್ಕಂಡು ಹೊಂಟಿದ್ದೆ. ಒಬ್ರ ಹಿಂದೊಬ್ರು ಫೋನ್ ಮಾಡಿ ಧೈರ್ಯ ತಗಳಪ್ಪ ಅಂತಾರೆ. ಕುರಿ ಅಲ್ಲೇ ಬಿಟ್ಟು ಮನೇಗೆ ಓಡಿ ಬಂದ್ರೆ, ಅವ್ವ ಒಲೆ ಮುಂದೆ ಮುದ್ದೆ ತಿರುವ್ತಾ ಕುಂತವ್ಳೆ. ನನ್ನ ಮಕ ನೋಡಿ, ಯಾರೋ ಸತ್ತೋರು ಅಂತ ಕೇಳ್ತಾಳೆ. ಏನ್ ಹೇಳ್ಲಿ?”

‘ದೊಡ್ಡಮ್ಮ ಆರೋಗ್ಯವಾಗಿದ್ದಾರೆ. ಅದು ಕಾಗದದ ಕರಕುಶಲ ಕಲೆ’ ಎಂದು ಗ್ರೂಪಿಗೆ ಬರೆದೆ. ಅದಕ್ಕೂ ಇಬ್ಬರು ಕೈಮುಗಿದರು. ಒಬ್ಬರು ‘ಓಂ ಶಾಂತಿ’ ಎಂದರು.

ದೊಡ್ಡಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಧರ್ಮಪುರದ ಹತ್ತಿರ ಕಡಲೆಕಾಯಿ ಬೆಳೆಯುವವರು. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಸುದ್ದಿಯನ್ನು ಪಕ್ಕದ ಮನೆಯವರು ಹೇಳಿದ್ದರು. ಸುದ್ದಿ ಸುಳ್ಳೆಂದು ಹೇಳಲು ನಾನು ಫೋನು ಮಾಡಿದಾಗ, ಅವರು ಆ ಫೋನನ್ನು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿ ಹೋಗಿದ್ದಾರೆಂದು ಅತ್ತೆ ಹೇಳಿದರು.

“ಹೋಗಿ ದೊಡ್ಡಮ್ಮನ ಕಾಲಿಗೆ ಬೀಳ್ರಿ,” ಅಂದಳು ಹೆಂಡತಿ. “ಆ ಪುಸ್ತಕಾನೂ ತಗಂಡ್ ಹೋಗಿ. ಮನೇಲಿ ಬ್ಯಾಡ.”

ಹೊಸದುರ್ಗದ ಮೇಲೆ ಬೈಕಿನಲ್ಲಿ ಹೋದೆ. ದೊಡ್ಡಮ್ಮನ ಮನೆಯ ಮುಂದೆ ಜನ ಸೇರಿದ್ದರು. ಅತ್ತಿತ್ತಲ ಊರಿನಿಂದ ಬಂದವರು, ಬಂದ ಕಾರಣ ಇಲ್ಲವಾದ್ದರಿಂದ ಏನು ಮಾಡಬೇಕೋ ತಿಳಿಯದೆ ಟೀ ಕುಡಿಯುತ್ತಿದ್ದರು. ಯಾರೋ ತಂದಿದ್ದ ಚೆಂಡುಹೂವಿನ ಹಾರವನ್ನು ಎಲ್ಲಿಡುವುದೆಂದು ಗೊತ್ತಾಗದೆ ಬಾಗಿಲ ಪಕ್ಕದ ಮೊಳೆಗೆ ಹಾಕಿದ್ದರು. ದೊಡ್ಡಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅಣ್ಣ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದ.

“ಬಾರಪ್ಪ, ಕುಂತ್ಕ,” ಅಂದಳು ದೊಡ್ಡಮ್ಮ. “ಎಲ್ಲಿ, ಎಂಗ್ ಮಾಡಿದ್ಯ ನನ್ನ? ತೋರ್ಸು.”

ಪುಟ ತೆಗೆದು ಮುಂದಿಟ್ಟೆ. ಅವಳು ಕೈ ಸೆರಗಿಗೆ ಒರೆಸಿಕೊಂಡು ಹೂವುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

“ಹೂವ ಚೆನ್ನಾಗವೆ. ಯಾವ್ ಹೂವ?”

“ಕಾಗದದ್ದು.”

“ಹಂಗಾದ್ರೆ ಬಾಡಾಕಿಲ್ಲ.”

ಅಣ್ಣನಿಗೆ ಇದನ್ನು ತಡೆಯಲಾಗಲಿಲ್ಲ. “ಬದುಕಿರೋಳಿಗೆ ಹಾರ ಹಾಕಿ ಊರಿಗೆಲ್ಲ ಹಂಚವ್ನೆ, ಹೂವ ಚೆನ್ನಾಗವಂತೆ. ಲೇ, ಇನ್ನೊಂದ್ಸಲ ಈ ಹೊಸ್ಲು ತುಳಿಬ್ಯಾಡ ನೀನು.”

ಆಗ ಪಕ್ಕದ ಮನೆಯ ಅಜ್ಜಿ, ಟೀ ಲೋಟ ಕೆಳಗಿಟ್ಟು, ದೊಡ್ಡಮ್ಮನನ್ನು ಮೆಲ್ಲಗೆ ಕೇಳಿದಳು: “ಕಾಗೆ ಗೀಗೆ ಮುಟ್ಟಿತ್ತೇನಕ್ಕ?”

ನಮ್ಮ ಕಡೆ ಒಂದು ನಂಬಿಕೆ ಇದೆ. ಕಾಗೆ ಯಾರ ತಲೆಯನ್ನಾದರೂ ಮುಟ್ಟಿದರೆ ಅದು ಸಾವಿನ ಸೂಚನೆ. ಪರಿಹಾರವೂ ಉಂಟು. ಆ ಮನುಷ್ಯ ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅಳಬೇಕು. ಅತ್ತ ಮೇಲೆ ನಿಜ ಹೇಳಬೇಕು. ಆ ಕಣ್ಣೀರಿಗೆ ಕಂಟಕ ಕಳೆಯುತ್ತದೆ.

ದೊಡ್ಡಮ್ಮ ಒಮ್ಮೆ ನನ್ನ ಕಡೆ, ಒಮ್ಮೆ ಮಗನ ಕಡೆ ನೋಡಿದಳು. ಒಂದು ಅವರೆಕಾಯಿ ಬಿಡಿಸಿದಳು.

“ಹೂಂ ಕಣೆ. ಮೊನ್ನೆ ಹಿತ್ಲಾಗೆ ಬಟ್ಟೆ ಹಾಕ್ತಿದ್ದೆ. ಬಂದು ತಲೆ ಮ್ಯಾಲೆ ಕುಂತ್ಕಂತು. ನಾನೇ ಇವ್ನಿಗೆ ಹೇಳ್ದೆ, ಸುದ್ದಿ ಬಿಡಪ್ಪ ಅಂತ.”

ಇಡೀ ಜಗಲಿ ಉಸಿರು ಬಿಟ್ಟಿತು. ಬೆಳಗಿನಿಂದ ಮೂರ್ಖನಾಗಿದ್ದ ನಾನು ನೋಡನೋಡುತ್ತ ದೊಡ್ಡಮ್ಮನ ಜೀವ ಉಳಿಸಿದವನಾದೆ. ಯಾರೋ ಎದ್ದು ಜಾಗ ಕೊಟ್ಟರು. ಟೀ ಬಂತು.

“ನಂಗ್ಯಾಕೆ ಹೇಳ್ಲಿಲ್ಲವ್ವ?” ಅಂದ ಅಣ್ಣ.

“ನಿಂಗೆ ಹೇಳಿದ್ರೆ ನೀನು ಅಳ್ತಿದ್ಯಾ?”

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪಕ್ಕದ ಮನೆಯ ಅಜ್ಜಿ ಶಾಸ್ತ್ರ ಅರ್ಧಕ್ಕೆ ಬಿಡುವವಳಲ್ಲ. “ಅತ್ರಾ ಯಾರಾದ್ರೂ? ಯಾರೂ ಅಳ್ದಿದ್ರೆ ಏನ್ ಬಂತು?”

ದೊಡ್ಡಮ್ಮನ ಕೈ ನಿಂತಿತು. ಕಾಗೆ ಅವಳದೇ ಸೃಷ್ಟಿ ಎಂದು ಅವಳಿಗೂ ನನಗೂ ಗೊತ್ತಿತ್ತು. ಆದರೆ ಈ ಪ್ರಶ್ನೆ ಕಾಗೆಯದ್ದಾಗಿರಲಿಲ್ಲ.

“ಓದಪ್ಪ,” ಅಂದಳು ನನಗೆ. “ಯಾರ್ಯಾರು ಅತ್ತವ್ರೆ, ಓದು.”

ಫೋನು ತೆಗೆದು ಓದಿದೆ. ಓಂ ಶಾಂತಿ. ಓಂ ಶಾಂತಿ. ಕೈಮುಗಿದಿದ್ದಾರೆ. ದೀಪ ಹಚ್ಚಿದ್ದಾರೆ. ಮಣ್ಣು ಎಷ್ಟೊತ್ತಿಗೆ.

“ಅತ್ತಿದ್ದು ಓದು.”

ಹುಡುಕಿ ಹುಡುಕಿ, ಕಣ್ಣಿಂದ ಒಂದು ಹನಿ ಬೀಳುತ್ತಿದ್ದ ಹಳದಿ ಮುಖವೊಂದನ್ನು ತೋರಿಸಿದೆ. ಅವಳು ಫೋನನ್ನು ದೂರ ಹಿಡಿದು ನೋಡಿದಳು.

“ಇದ್ಯಾರು?”

“ಯಾರೂ ಅಲ್ಲ ದೊಡ್ಡಮ್ಮ. ಗೊಂಬೆ.”

“ಗೊಂಬೆ ಅತ್ರೆ ಆಗಾಕಿಲ್ಲ.” ಫೋನು ಹಿಂದಕ್ಕೆ ಕೊಟ್ಟಳು. ಆಮೇಲೆ, ಬೇರೆ ಏನನ್ನೋ ಕೇಳುವವಳಂತೆ, “ನೀನು ಅತ್ತಾ?” ಅಂದಳು.

ಹೌದು ಎಂದುಬಿಡಬಹುದಿತ್ತು. ನೆನೆಸಿಕೊಳ್ಳಲು ನೋಡಿದೆ. ಮೇಜಿನ ಮುಂದೆ ನಿಂತಿದ್ದು, ಮುಖ ಒದ್ದೆಯಾಗಿದ್ದು ಎರಡೂ ಖಚಿತ. ಆದರೆ ಆಗಷ್ಟೇ ಸ್ನಾನ ಮಾಡಿ ಬಂದಿದ್ದೆ.

“ನೆನಪಿಲ್ಲ,” ಅಂದೆ.

“ಇವತ್ತು ಬೆಳಗಿಂದು ನೆನಪಿಲ್ವಾ? ಅದೇನ್ ಓದಿದ್ಯಪ್ಪ ನೀನು.”

ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಮಡಿಲಿನ ಸಿಪ್ಪೆ ಕೊಡವಿ, ಬಿಡಿಸಿದ ಕಾಳನ್ನೇ ಮತ್ತೆ ಹಸನು ಮಾಡತೊಡಗಿದಳು.

ಮಧ್ಯಾಹ್ನದ ಬಸ್ಸಿಗೆ ಮಾವ ಬಂದರು. ಹೆಗಲ ಟವೆಲನ್ನು ಮುಖಕ್ಕೆ ಒತ್ತಿಕೊಂಡೇ ರಸ್ತೆ ದಾಟಿ, ಅಂಗಳಕ್ಕೆ ಬಂದು ಟವೆಲು ತೆಗೆದವರು, ಜಗಲಿಯ ಮೇಲೆ ಮೊರ ಹಿಡಿದು ಕೂತ ಅಕ್ಕನನ್ನು ಕಂಡು ನಿಂತಲ್ಲೇ ನಿಂತರು. ಆಮೇಲೆ ಮೆಟ್ಟಿಲ ಮೇಲೆ ಕೂತರು. ಕಣ್ಣು ಕೆಂಪಗೆ ಊದಿದ್ದವು. ಕಾಗೆಯ ವಿಷಯವನ್ನು ಒಬ್ಬರ ಮೇಲೊಬ್ಬರು ಬಿದ್ದು ಅವರಿಗೆ ಹೇಳಿದರು.

“ಅಕ್ಕಯ್ಯ,” ಅಂದರು ಮಾವ, “ಬದುಕಿದ್ದೀನಿ ಅಂತ ಒಂದು ಫೋನ್ ಮಾಡಬಾರ್ದಾ?”

“ಸತ್ತೋಳು ಎಂಗೋ ಫೋನ್ ಮಾಡ್ಲಿ?” ದೊಡ್ಡಮ್ಮ ಮೊರ ಪಕ್ಕಕ್ಕಿಟ್ಟಳು. “ಅತ್ಯೇನೋ?”

“ನಾನ್ಯಾಕೆ ಅಳ್ಲಿ? ಕಿಟಕಿ ಪಕ್ಕ ಕುಂತಿದ್ದೆ. ಧೂಳು.”

“ಹಿರಿಯೂರಿಂದ ಇಲ್ಲಿಗಂಟ ಧೂಳಾ?”

“ಧರ್ಮಪುರದಿಂದ್ಲೇ ಧೂಳು.”

ದೊಡ್ಡಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಹಾಗೆಯೇ ಒಳಗಿದ್ದ ಸೊಸೆಗೆ, “ಇವ್ನಿಗೆ ಎಲೆ ಹಾಕಮ್ಮ, ಬೆಳಗಿಂದ ಉಂಡಿಲ್ಲ,” ಎಂದು ಕೂಗಿದಳು. ಅವರು ಉಂಡಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ರಸ್ತೆಯಲ್ಲಿ ಧೂಳು ಇರುವುದು ನಿಜ. ಕೆಂಪು ಕಣ್ಣಿಗೆ ಎರಡು ಕಾರಣ ಇರಬಹುದಾದಾಗ ಒಂದನ್ನೇ ಹಿಡಿಯಬಾರದು ಎಂದು ತರಗತಿಯಲ್ಲಿ ನಾನೇ ಹೇಳುತ್ತೇನೆ. ಹಾಗಾಗಿ ಮಾವ ಉಂಡು ಎದ್ದ ಮೇಲೆ ಬಸ್ಸಿನ ಟಿಕೆಟ್ಟು ಕೇಳಿದೆ. ಅವರು ಬಂದಿದ್ದಕ್ಕಾದರೂ ಒಂದು ಆಧಾರ ಇರಲಿ ಎಂದು.

“ಏನಪ್ಪ, ಚೆಕ್ಕಿಂಗಾ?” ಎನ್ನುತ್ತ ಅಂಗಿಯ ಜೇಬಿನಿಂದ ಮುದುರಿದ ಚೀಟಿ ತೆಗೆದು ಕೊಟ್ಟರು. ಮೆತ್ತಗಾಗಿತ್ತು. ಬೆವರಿಗೂ ಇರಬಹುದು.

ಹೊರಡುವಾಗ ಪುಸ್ತಕ ಎತ್ತಿಕೊಂಡೆ. ಆ ಪುಟ ಹರಿದುಹಾಕುವುದೆಂದು ತೀರ್ಮಾನಿಸಿದ್ದೆ. ಹೇಳಿದರೆ ದೊಡ್ಡಮ್ಮ ಒಪ್ಪಲಿಲ್ಲ.

“ಹರೀಬ್ಯಾಡ. ಒಂದು ಕಾಗೆ ಮಾಡಿ ಹಾಕು. ಕಾಗೆ ಇಲ್ದಿದ್ರೆ ನಾಳೆ ನೋಡಿದೋರು ಮತ್ತೆ ಸತ್ತೋಗವ್ಳೆ ಅಂತಾರೆ.”

“ಕಣಿವೆ ಹತ್ರ ಕಾಗೆ ಇರ್ಲಿಲ್ಲ ದೊಡ್ಡಮ್ಮ. ಇಲ್ದಿದ್ದನ್ನ ಹೆಂಗೆ ಹಾಕ್ಲಿ?”

“ಹೂವ ಇತ್ತಾ?”

ಊರಿಗೆ ಬಂದು ಕಪ್ಪು ಕಾಗದದಲ್ಲಿ ಕಾಗೆ ಕತ್ತರಿಸಿ, ಕೋಡಿಯ ನೀರಿನ ಮುಂದೆ ನಗುತ್ತಿರುವ ದೊಡ್ಡಮ್ಮನ ತಲೆಯ ಮೇಲೆ ಕೂರಿಸಿದೆ. ಕೆಳಗೆ ಮಾವನ ಟಿಕೆಟ್ಟು ಅಂಟಿಸಿದೆ. ಮತ್ತೆ ಹೋದಾಗ ತೋರಿಸಿದ ಆ ಪುಸ್ತಕವನ್ನು ದೊಡ್ಡಮ್ಮ ತನ್ನ ಬಳಿಯೇ ಇಟ್ಟುಕೊಂಡಿದ್ದಾಳೆ.

ಆ ಕಾಗೆ ಆಮೇಲೆ ಚೆನ್ನಾಗಿ ಬೆಳೆಯಿತು. ಅದು ಬಂದಿದ್ದು ಶನಿವಾರ ಎಂದು ಚಿತ್ರದುರ್ಗದ ನೆಂಟರು ನನಗೇ ಹೇಳಿದರು. ಅಣ್ಣ ಈಗ ಅದನ್ನು ಕೋಲು ಹಿಡಿದು ತಾನೇ ಓಡಿಸಿದೆ ಎನ್ನುತ್ತಾನೆ. ಮಾರಿ ಕಣಿವೆಯಲ್ಲಿ ತನ್ನ ಅಜ್ಜಿಯ ತಲೆಯ ಮೇಲೆ ಕಾಗೆ ಕೂತಿತ್ತು ಎಂದು ಮಗಳು ಶಾಲೆಯ ಪ್ರಬಂಧದಲ್ಲಿ ಬರೆದಳು. ಅದಕ್ಕೆ ‘ಎ’ ಬಂತು. ಕಳೆದ ಸಲ ಹೋದಾಗ ದೊಡ್ಡಮ್ಮ ಬೈತಲೆಯ ಪಕ್ಕ ಬೆರಳಿಟ್ಟು, “ಇಲ್ಲೇ ಕಣಪ್ಪ ಕುಂತಿದ್ದು, ಉಗುರು ತಾಗಿತ್ತು,” ಅಂದಳು. ತಮಾಷೆಯೋ ಎಂದು ಅವಳ ಮುಖ ನೋಡಿದೆ. ತಿಳಿಯಲಿಲ್ಲ.

ಯಂತ್ರದಿಂದ ಬರುವ ಬಸ್ಸಿನ ಟಿಕೆಟ್ಟಿನ ಅಕ್ಷರ ಬಹಳ ದಿನ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಊರು, ದರ, ವೇಳೆ ಎಲ್ಲ ಅಳಿಸಿಹೋಗಿ ಈಗ ಅಲ್ಲಿರುವುದು ಬರಿಯ ಒಂದು ಬಿಳಿ ಪಟ್ಟಿ. ಆ ಭಾನುವಾರಕ್ಕೆ ಪುಸ್ತಕದಲ್ಲಿ ನಾನು ಆಧಾರವೆಂದು ಇಟ್ಟಿದ್ದು ಅದೊಂದೇ. ಕಾಗೆ ಮಾತ್ರ ಹೊಸದರಂತೆ ಇದೆ.

ಮೊನ್ನೆ ಯುಗಾದಿಗೆ ಎಲ್ಲರೂ ಸೇರಿದ್ದೆವು. ದೊಡ್ಡಮ್ಮ ಎದುರು ಮನೆಯ ಹೊಸ ಸೊಸೆಗೆ ಪುಸ್ತಕ ತೋರಿಸುತ್ತಿದ್ದಳು. ಆ ಹುಡುಗಿ ಬಿಳಿ ಪಟ್ಟಿ ನೋಡಿ ಇದೇನು ಎಂದು ಕೇಳಿತು.

“ನನ್ ತಮ್ಮ ಅತ್ಕಂಡು ಬಂದಿದ್ದು,” ಅಂದಳು ದೊಡ್ಡಮ್ಮ.

ಮೂಲೆಯಲ್ಲಿ ಕಡಲೆಕಾಯಿ ಒಡೆಯುತ್ತಿದ್ದ ಮಾವ ತಲೆ ಎತ್ತದೆ, “ಧೂಳು,” ಅಂದರು.