ಬಿಚ್ಚದ ಬೂಟು

ನಾಲ್ಕು ವರ್ಷ ನನ್ನ ಕೆಲಸ ಸಗಣಿ ಬೇಡುವುದಾಗಿತ್ತು. ಚಿಕ್ಕಬಳ್ಳಾಪುರದ ಸುತ್ತಮುತ್ತಲಿನ ಹಸು, ಎಮ್ಮೆ, ಕುರಿಗಳ ಕರುಳಲ್ಲಿ ಬದುಕುವ ಪರಾವಲಂಬಿಗಳ ವಂಶವಾಹಿ ಓದಿ, ಯಾವ ಊರಲ್ಲಿ ಯಾವ ತಳಿ ಇದೆ ಎಂದು ಗುರುತಿಸುತ್ತಿದ್ದೆವು. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ಥರದ ಗುಂಡು ಚುಕ್ಕಿಗಳು; ಬೇರೆ ಬೇರೆ ಎಂದು ಗೊತ್ತಾಗುವುದು ವಂಶವಾಹಿ ಓದಿದ ಮೇಲೆಯೇ. ನೆಂಟರಿಗೆ ಇದನ್ನೆಲ್ಲ ವಿವರಿಸುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ದನದ ಡಾಕ್ಟ್ರು ಎಂದರೆ ಅವರಿಗೂ ಸಾಕಿತ್ತು, ನನಗೂ ಸಾಕಿತ್ತು.

ಒಂದು ಬೆಳಿಗ್ಗೆ ದಿಬ್ಬೂರಹಳ್ಳಿಯಲ್ಲಿ ಭೇದಿ ಹತ್ತಿದ್ದ ಎರಡು ಕರುಗಳ ಸಗಣಿ ತೆಗೆದುಕೊಂಡು, ಅಲ್ಲಿಂದ ನೇರವಾಗಿ ಕೆಂಚಾರ್ಲಹಳ್ಳಿಯ ಒಂದು ಮನೆಗೆ ಹೋದೆ. ಆ ಮನೆಯ ಕೊಟ್ಟಿಗೆ ಕೆಲಸವೆಲ್ಲ ಅತ್ತೆ, ಸೊಸೆಯರದು. ವಾರದ ಹಿಂದೆ ಹುಟ್ಟಿದ್ದ ಹೆಣ್ಣುಗರು ಸೊಸೆಯ ಹಿಂದೆಯೇ ಸುತ್ತುತ್ತಿತ್ತು. ಅತ್ತೆ ಚೊಂಬಿನಲ್ಲಿ ನೀರು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು.

"ಬೂಟ್ ಬಿಚ್ಚಿ ಕಾಲು ತೊಳ್ಕೊಂಡು ಬಾಮ್ಮ. ಲಕ್ಷ್ಮಿ ಇರೋ ಜಾಗ."

ಮಂಡಿಯವರೆಗೆ ಬರುವ ರಬ್ಬರ್ ಬೂಟು. ಬಿಚ್ಚಿ ಹಾಕುವುದೇ ಒಂದು ತಲೆನೋವು. "ಇದನ್ನ ಶುಚಿಗೇ ಹಾಕ್ಕೊಳ್ಳೋದಮ್ಮ," ಎಂದು ನಕ್ಕು ಒಳಗೆ ಹೋದೆ. ಓದಿದವಳೆಂಬ ಕೊಬ್ಬು, ಬೇರೇನಲ್ಲ. ಕರುವಿನ ಸಗಣಿಯನ್ನು ಡಬ್ಬಿಗೆ ಹಾಕಿಕೊಂಡು, ಅವರು ಕೊಟ್ಟ ಕಾಫಿ ಕುಡಿದು ಬಂದೆ.

ಆರನೆಯ ದಿನ ಸೊಸೆ ಫೋನ್ ಮಾಡಿದಳು. ಕರುವಿಗೆ ಭೇದಿ, ಹಾಲು ಕುಡಿಯುತ್ತಿಲ್ಲ. ಊರಿನ ಡಾಕ್ಟರು ಡ್ರಿಪ್ ಹಾಕಿದರು, ನಾನು ಇನ್ನೊಂದು ಡಬ್ಬಿ ಸಗಣಿ ತೆಗೆದುಕೊಂಡೆ. ಮಾರನೆಯ ದಿನ ಕರು ಸತ್ತುಹೋಯಿತು.

"ಇವಳ ಕೈಗುಣ," ಎಂದರು ಅತ್ತೆ, ಸೊಸೆಯ ಕಡೆ ಕೈ ತೋರಿಸಿ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಹುಡುಗಿ. ಅಂದಿನಿಂದ ಅವಳು ಹಸುವಿನ ಕೆಚ್ಚಲು ಮುಟ್ಟುವಂತಿಲ್ಲ, ರೇಷ್ಮೆ ಹುಳು ಸಾಕುವ ಕೋಣೆಗೆ ಕಾಲಿಡುವಂತಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಅವಳು ಮನೆ ಮುಂದೆ ಬಟ್ಟೆ ಒಗೆಯುತ್ತಿರುವುದು ಕಾಣುತ್ತಿತ್ತು. ಪಾಪ ಅನ್ನಿಸುತ್ತಿತ್ತು, ಅಷ್ಟೆ.

ಮೂರು ತಿಂಗಳ ಮೇಲೆ ಫಲಿತಾಂಶ ಬಂತು. ಆ ಕರುವಿನ ಮೊದಲ ಡಬ್ಬಿಯಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿದ್ದದ್ದು ದಿಬ್ಬೂರಹಳ್ಳಿಯ ಕರುಗಳಲ್ಲಿದ್ದ ತಳಿಯೇ, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ. ಕೆಂಚಾರ್ಲಹಳ್ಳಿಯ ಬೇರೆ ಯಾವ ಮನೆಯಲ್ಲೂ ಅದು ಸಿಕ್ಕಿರಲಿಲ್ಲ. ಎರಡೂ ಕೊಟ್ಟಿಗೆಗಳಿಗೆ ಒಂದೇ ದಿನ ಕಾಲಿಟ್ಟವಳು ನಾನು. ಲ್ಯಾಬಿನ ಮೂಲೆಯಲ್ಲಿದ್ದ ಬೂಟನ್ನು ಎತ್ತಿ ಅದರ ಅಡಿ ನೋಡಿದೆ. ಸೋಂಕು ಬಹುಶಃ ಹೊರಗಿನಿಂದ ಬಂದದ್ದು ಎಂದು ವರದಿಯಲ್ಲಿ ಬರೆದರೆ ಯಾರೂ ಕೇಳುತ್ತಿರಲಿಲ್ಲ. ಹಾಗೇ ಬರೆದು ಎರಡು ದಿನ ಸುಮ್ಮನಿದ್ದೆ.

ಮೂರನೆಯ ದಿನ ಬಸ್ಸು ಹತ್ತಿದೆ. ಸೊಸೆ ಎಂದಿನಂತೆ ಹೊರಗೇ ಇದ್ದಳು.

"ರೋಗ ಬಂದಿದ್ದು ನನ್ನ ಬೂಟಿಂದ ಕಣಮ್ಮ. ದಿಬ್ಬೂರಹಳ್ಳಿಯಿಂದ ನಾನೇ ತಂದಿದ್ದು. ನಿಂದೇನೂ ತಪ್ಪಿಲ್ಲ," ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅರ್ಧ ಮುಚ್ಚಿದ್ದ ಬಾಗಿಲನ್ನು ಪೂರ್ತಿ ತೆರೆದಳು.

"ಇನ್ನೊಂದ್ಸಲ ಹೇಳಿ ಮೇಡಂ. ಒಳಗಿರೋರ್ಗೂ ಕೇಳಿಸ್ಲಿ."

ಚಪ್ಪಲಿ ಬಿಟ್ಟು ಹೊಸಿಲ ಬಳಿ ನಿಂತು ಇನ್ನೊಂದು ಸಲ ಹೇಳಿದೆ, ಈ ಸಲ ಗಟ್ಟಿಯಾಗಿ.