ದೊಡ್ಡಮ್ಮನ ಪ್ರಕಾರ ನನ್ನ ಆಪರೇಷನ್ ಫೇಲ್

ಗೆಳೆಯರೇ, ಇವತ್ತು ಬೆಳಗ್ಗೆ ಸಂತೆಮರಹಳ್ಳಿ ಬಸ್‌ಸ್ಟಾಪಿನಲ್ಲಿ ನನ್ನ ನರದ ಆಪರೇಷನ್ ಫೇಲ್ ಎಂದು ತೀರ್ಪಾಯಿತು. ತೀರ್ಪು ಕೊಟ್ಟವರು ಕುದೇರಿನ ನಮ್ಮ ದೊಡ್ಡಮ್ಮ.

"ನರ ಕುಯ್ಸಿ ಅದ್ನೈದು ವರ್ಸಾಯ್ತು, ಇನ್ನೂವೆ ವಾಲ್ಕಂಡೇ ನಡೀತೀಯಲ್ಲ ಕಣಮ್ಮಿ! ಏನ್ ಬಂದಂಗಾಯ್ತು?"

ಸೆರೆಬ್ರಲ್ ಪಾಲ್ಸಿಯಿಂದ ನನ್ನ ಕಾಲುಗಳು ಸೆಟೆದು ಕತ್ತರಿಯಂತೆ ಹೆಣೆದುಕೊಳ್ಳುತ್ತಿದ್ದವು. ಆರನೇ ವಯಸ್ಸಿನಲ್ಲಿ ಬೆನ್ನಿನ ಕೆಲವು ನರ ಕತ್ತರಿಸಿದ ಮೇಲೆ ಆ ಬಿಗಿತ ಇಳಿಯಿತು. ಸ್ಕೂಲಿಗೆ ಅಪ್ಪ ಹೊತ್ತೊಯ್ಯುತ್ತಿದ್ದವಳು ಈಗ ಚಾಮರಾಜನಗರಕ್ಕೆ ಒಬ್ಬಳೇ ಕೆಲಸಕ್ಕೆ ಹೋಗುತ್ತೇನೆ. ನಾನು ಓಡುತ್ತೇನೆಂದು ಡಾಕ್ಟರು ಅವತ್ತೂ ಹೇಳಿರಲಿಲ್ಲ. ಇಷ್ಟನ್ನೂ ದೊಡ್ಡಮ್ಮನಿಗೆ ವಿವರಿಸಿದೆ.

"ಅದೆಲ್ಲ ಸರಿ, ನೆಟ್ಗಾಯ್ತಾ?" ಎಂದರು.

ಅಷ್ಟರಲ್ಲಿ ಬಸ್ ಬಂತು. ನಾನು ಕಂಬಿ ಹಿಡಿದು ನಿಧಾನವಾಗಿ ಹತ್ತಿದೆ. ಹಿಂದೆ ಬಂದ ದೊಡ್ಡಮ್ಮ ಮೊದಲ ಮೆಟ್ಟಿಲಿಗೆ ಕಾಲಿಟ್ಟು "ಅಯ್ಯಯ್ಯೋ, ಮಂಡಿ!" ಎಂದು ಅಲ್ಲೇ ನಿಂತುಬಿಟ್ಟರು. ಕಂಡಕ್ಟರ್ ರೇಗತೊಡಗಿದ. ನಾನೇ ಕೈಕೊಟ್ಟು, ಮೇಲಕ್ಕೆಳೆದು, ಸೀಟಿನಲ್ಲಿ ಕೂರಿಸಿದೆ.

ಏದುಸಿರು ನಿಂತ ಮೇಲೆ ಅವರು ಪಕ್ಕದ ಹೆಂಗಸಿಗೆ ನನ್ನ ಪರಿಚಯ ಮಾಡಿಕೊಟ್ಟರು: "ನನ್ ತಂಗಿ ಮಗ್ಳು ಕಣವ್ವ. ಪಾಪ, ಕಾಲ್ ಸರಿಗಿಲ್ಲ."

ಆ ಹೆಂಗಸು ನಮ್ಮಿಬ್ಬರನ್ನೂ ಒಂದು ಸಲ ನೋಡಿ, ನಿಜಕ್ಕೂ ಗೊತ್ತಾಗದೆ ಕೇಳಿದರು: "ಯಾರ್ಗವ್ವ?"