ಪಂಚಶೀಲಾಳ ಕೈ ನಿಂತದ್ದು

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮನ್ಸೂರಅಲಿಯವರ ಫ್ಲೆಕ್ಸ್ ಅಂಗಡಿ ಇದೆ. ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಯಾವ ಬ್ಯಾನರ್ ಬೇಕಾದರೂ ಸುತ್ತಲಿನ ಹಳ್ಳಿಯವರು ಅಲ್ಲಿಗೇ ಬರುತ್ತಿದ್ದರು. ಬಾಗಿಲಲ್ಲೇ ನಿಂತು "ಶೀಲಕ್ಕ ಅದಾಳೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಚಹಾ ಕುಡಿದು ಬರುತ್ತೇವೆಂದು ಹೋಗುತ್ತಿದ್ದರು.

ಶೀಲಕ್ಕ ಎಂದರೆ ಪಂಚಶೀಲಾ. ಕಲಬುರಗಿಯಲ್ಲಿ ಚಿತ್ರಕಲೆ ಕಲಿಯುತ್ತಿದ್ದಾಗ ತಂದೆ ತೀರಿಕೊಂಡು, ಓದು ಅರ್ಧಕ್ಕೆ ಬಿಟ್ಟು ಬಂದವಳು. ಅಂಗಡಿಯ ಕಂಪ್ಯೂಟರಿನ ಮುಂದೆ ಕೂತ ಮೇಲೆ ಆ ಕಲಿಕೆ ಬೇರೆ ದಾರಿ ಹಿಡಿಯಿತು. ಯಾವ ಬಣ್ಣದ ಪಕ್ಕ ಯಾವುದು ಕೂರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮುಖಗಳನ್ನು ಚೊಕ್ಕ ಮಾಡುವುದು ಗೊತ್ತಿತ್ತು. ಮೊಡವೆ, ಸುಕ್ಕು, ಬಿಸಿಲಿಗೆ ಸುಟ್ಟ ಕಪ್ಪು ಎಲ್ಲ ಮಾಯವಾಗಿ ಮದುಮಕ್ಕಳು ಬೆಳ್ಳಗೆ, ನುಣ್ಣಗೆ ನಗುತ್ತಿದ್ದರು. ಯಾರೂ ಬೇಡವೆಂದಿರಲಿಲ್ಲ.

ಅವಳ ತಂಗಿ ಪರಿಮಳಾ ಸುರಪುರದ ಕಡೆಯ ಹಳ್ಳಿಯೊಂದರಲ್ಲಿ ಶಿಕ್ಷಕಿ. ಕಳೆದ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕೈಮೀರಿತ್ತು. ಮಣ್ಣು ಮಾಡಿ ಬಂದ ಮೇಲೆ ನಂಟರು, ಓಣಿಯ ಬಾಯಿಗೆ ಒಂದು ಬ್ಯಾನರ್ ಕಟ್ಟಬೇಕು ಎಂದರು. ಬೇರೆ ಯಾರ ಕೈಗೆ ಕೊಡುವುದು? ಪಂಚಶೀಲಾ ಅತ್ತು ಊದಿಕೊಂಡ ಕಣ್ಣಿನಲ್ಲೇ ಹೋಗಿ ಕೂತಳು. ಎಲ್ಲರಿಗೂ ಹಾಕುವ ಮೋಡ, ಎಲ್ಲರಿಗೂ ಇಡುವ ದೀಪ, ಬಿಳಿ ಕಮಲ. ಮುಂದಿಟ್ಟ ಚಹಾ ತಣ್ಣಗಾಗುವುದರೊಳಗೆ ಕೆಲಸ ಮುಗಿದಿತ್ತು.

ಬ್ಯಾನರ್ ಕಟ್ಟಿದ ಮೇಲೆ ತಾಯಿ ಕರೆಮ್ಮ ಅದರ ಮುಂದೆ ಬಂದು ನಿಂತಳು. ಬಹಳ ಹೊತ್ತು ನೋಡಿದಳು.

"ಇಕಿ ಯಾರ?"

"ನಮ್ಮ ಪರಿಮಳಾನೇ ಅವ್ವಾ" ಎಂದಳು ಪಂಚಶೀಲಾ.

"ಅಕಿ ಗದ್ದದ ಮ್ಯಾಲಿನ ಕಲಿ ಎಲ್ಲಿ?"

ಚಿಕ್ಕಂದಿನಲ್ಲಿ ಕುದಿಯುವ ಬೇಳೆ ಮೈಮೇಲೆ ಚೆಲ್ಲಿ, ಪರಿಮಳಾಳ ಗದ್ದದಿಂದ ಕುತ್ತಿಗೆಯವರೆಗೆ ಸುಟ್ಟ ಗುರುತು ಉಳಿದಿತ್ತು. ತಿಂಗಳುಗಟ್ಟಲೆ ಅದಕ್ಕೆ ಎಣ್ಣೆ ಹಚ್ಚಿ ಮಗಳನ್ನು ಉಳಿಸಿಕೊಂಡವಳು ಕರೆಮ್ಮ. ಪಂಚಶೀಲಾ ಆ ಗುರುತನ್ನು ಅಳಿಸಿದ್ದಳು. ಅಳಿಸಿದ್ದು ಅವಳಿಗೆ ನೆನಪೇ ಇರಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ಮಾಡಿತ್ತು.

"ಇಂಥಾ ಬೆಳ್ಳಾನಕಿ ನನ್ನ ಹೊಟ್ಯಾಗ ಹುಟ್ಟಿಲ್ಲ" ಎಂದು ಕರೆಮ್ಮ ಒಳಗೆ ಹೋದಳು. ಸಿಟ್ಟಿನಿಂದ ಹೇಳಿದ ಮಾತಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಮತ್ತೆ ಅಂಗಡಿಗೆ ಹೋದ ದಿನ ಸಗರ ಎಂಬ ಹಳ್ಳಿಯವರು ಮದುವೆಯ ಬ್ಯಾನರ್ ಹೇಳಿ ಹೋಗಿದ್ದರು. ಮದುಮಗನ ಫೋಟೋ ತೆರೆದಳು. ಹಣೆಯ ಮೇಲೊಂದು ಹಳೆಯ ಗಾಯ. ಮೌಸ್ ಹಿಡಿದ ಕೈ ಅಲ್ಲೇ ನಿಂತಿತು. ಅಳಿಸಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಮುಖ ಆಮೇಲೆ ನೋಡೋಣವೆಂದು ಬಣ್ಣಕ್ಕೆ ಕೈಹಾಕಿದರೆ ಯಾವ ಬಣ್ಣವೂ ಹೊಂದಲಿಲ್ಲ. ಅಕ್ಷರಗಳನ್ನು ಎಲ್ಲಿ ಇಟ್ಟರೂ ಸುಳ್ಳೆನಿಸಿತು. ಮಧ್ಯಾಹ್ನದವರೆಗೆ ಪರದೆ ಬಿಳಿಯಾಗಿಯೇ ಇತ್ತು. ಕೊನೆಗೆ ಹಳೆಯ ಫೈಲೊಂದರಲ್ಲಿ ಹೆಸರು, ಫೋಟೋ ಬದಲಿಸಿ ಕೊಟ್ಟಳು.

ಮರುದಿನವೂ ಹಾಗೇ. ಅದರ ಮರುದಿನವೂ. ಗಿರಾಕಿಗಳು ಸುಮ್ಮನಿರಲಿಲ್ಲ. "ನಮ್ಮ ಮಾವನ ಮನಿ ಮದವಿಗೂ ಇದೇ ಇತ್ತಲ್ಲರಿ" ಎಂದು ಒಬ್ಬ ಬ್ಯಾನರನ್ನು ಅಲ್ಲೇ ಬಿಟ್ಟುಹೋದ.

"ಬೇಟಿ, ತಬಿಯತ್ ಸರಿ ಇಲ್ಲೇನು? ನಾಕ ದಿನ ರಜಾ ತಗೋ" ಎಂದರು ಮನ್ಸೂರಅಲಿ.

"ತಬಿಯತ್ ಬರೋಬ್ಬರಿ ಅದ ಚಾಚಾ. ಏನೂ ಹೊಳಿವಲ್ದು. ಕುಂತ್ರ ತಲಿ ಖಾಲಿ ಆಗ್ತದ."

ಗಂಡ ಸುನೀಲಕುಮಾರ ಗುಮಾಸ್ತ. ಹಳೆಯ ಕೆತ್ತನೆ ನೋಡಿದರೆ ಮನಸ್ಸು ತಿಳಿಯಾದೀತೆಂದು ಒಂದು ಭಾನುವಾರ ಅವಳನ್ನು ಬೈಕಿನ ಮೇಲೆ ಶಿರವಾಳದ ಹಳೆಯ ಗುಡಿಗಳಿಗೆ ಕರೆದೊಯ್ದ. ಅವಳು ಹಾಳೆ, ಪೆನ್ಸಿಲ್ ಒಯ್ದಿದ್ದಳು. ಗುಡಿಯ ಕಂಬವೊಂದರ ಮುಂದೆ ಕೂತಳು. ಪೆನ್ಸಿಲ್ಲಿನ ಮೊನೆ ಹಾಳೆಗೆ ತಾಗಿದೊಡನೆ ಕೈ ನಿಂತಿತು. ಯಾರೋ ಕಲ್ಲಿನಲ್ಲಿ ಇಷ್ಟೆಲ್ಲ ಮಾಡಿ ಹೋಗಿದ್ದಾರೆ, ನನಗೆ ಒಂದು ಗೆರೆ ಬರುತ್ತಿಲ್ಲ ಎನಿಸಿತು. ಹಾಳೆ ಮುದ್ದೆ ಮಾಡಿ ಬ್ಯಾಗಿಗೆ ತುರುಕಿದಳು.

"ನಂದು ಮುಗೀತ್ರಿ. ಕಲತದ್ದು ಕೈ ಬಿಟ್ಟು ಹೋಗ್ಯಾದ."

ಸುನೀಲಕುಮಾರ ಊರಿನ ಕಡೆ ಬೈಕ್ ತಿರುಗಿಸಿದ.

ಏಪ್ರಿಲ್ ಬಂತು. ಬಾಬಾಸಾಹೇಬರ ಜಯಂತಿಗೆ ಓಣಿಯ ದೊಡ್ಡ ಬ್ಯಾನರ್ ಪ್ರತಿವರ್ಷ ಅವಳದೇ. ಅದನ್ನು ನೋಡಲೆಂದೇ ಬೇರೆ ಓಣಿಯವರು ಬರುತ್ತಿದ್ದರು. ಸಮಿತಿಯ ಹಿರಿಯ ಚಂದ್ರಾಮಪ್ಪ ಬಂದು ಹೇಳಿದಾಗ ಅವಳು ಹೂಂ ಎಂದಳು. ಈ ಕೆಲಸವಾದರೂ ತನ್ನನ್ನು ಎತ್ತೀತು ಎಂಬ ಆಸೆಯಿತ್ತು. ದಿನಾ ಕೂತಳು. ನೀಲಿ ತುಂಬಿದಳು, ಅಳಿಸಿದಳು. ಜಯಂತಿ ಹತ್ತಿರ ಬಂದಾಗ ಚಂದ್ರಾಮಪ್ಪನವರ ಮನೆಗೆ ತಾನೇ ಹೋದಳು.

"ಕಾಕಾ, ನನ್ನಿಂದ ಆಗಂಗಿಲ್ರಿ."

"ಮೊದಲ ಹೇಳಬೇಕಿಲ್ಲೇನು ತಂಗಿ? ಈಗ ನಾ ಯಾರ ಬಾಗಿಲಿಗೆ ಹೋಗಲಿ?"

ಅವರು ಯಾದಗಿರಿಗೆ ಹೋಗಿ ಸಿದ್ಧ ಬ್ಯಾನರೊಂದನ್ನು ತಂದರು. ಜಯಂತಿಯ ದಿನ ಹಲಗೆ ಬಾರಿಸುವ ಸದ್ದು ಮನೆಯ ಗೋಡೆಗೆ ಬಡಿಯುತ್ತಿತ್ತು. ಬಿಳಿ ಸೀರೆಯುಟ್ಟ ಕರೆಮ್ಮ ಬಾಗಿಲಲ್ಲಿ ನಿಂತು, "ಏಳ ಶೀಲಾ, ಮೆರವಣಿಗಿ ಬಂತು" ಎಂದಳು.

"ನೀ ಹೋಗವ್ವಾ."

ಪಂಚಶೀಲಾ ಗೋಡೆಯ ಕಡೆ ತಿರುಗಿ ಮಲಗಿದಳು. ಈ ಕೈ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎನಿಸಿತು. ಬೆರಳುಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ಸದ್ದು ದೂರವಾಗುವವರೆಗೂ ಹಾಗೇ ಇದ್ದಳು.

ಆ ವಾರವೇ ಅವಳು ಮನ್ಸೂರಅಲಿಯವರಿಗೆ ಹೇಳಿದಳು: "ಕುರ್ಚಿ ಬ್ಯಾರೇದೋರಿಗೆ ಕೊಡ್ರಿ ಚಾಚಾ. ನಾ ಹಿಂದಿನ ಖೋಲಿ ಕೆಲಸ ಮಾಡತೀನಿ." ಹಗ್ಗ ಪೋಣಿಸಲು ಬ್ಯಾನರಿನ ಅಂಚಿಗೆ ರಿಂಗ್ ಹೊಡೆಯುವುದು, ಕಟ್ಟಿಗೆಯ ಚೌಕಟ್ಟಿಗೆ ಮೊಳೆ ಬಡಿಯುವುದು ಅಲ್ಲಿಯ ಕೆಲಸ. ಅವರು ಒಪ್ಪಲು ಹಿಂಜರಿದರು, ಕೊನೆಗೆ ಒಪ್ಪಿದರು. ಅವಳ ಕುರ್ಚಿಗೆ ಹುಮೇರಾ ಎಂಬ ಹೊಸ ಹುಡುಗಿ ಬಂದಳು.

ಮಳೆಗಾಲ ಹಿಡಿದ ಮೇಲೊಂದು ಮಧ್ಯಾಹ್ನ ಖಾಸಿಂಬೀ ಎಂಬ ಹೆಂಗಸು ಬಂದಳು. ಜೋಳದ ರೊಟ್ಟಿಯ ಅಂಗಡಿ ಹಾಕುತ್ತಿದ್ದಳು, ಬೋರ್ಡು ಬೇಕಿತ್ತು. ಹುಮೇರಾ ತೋರಿಸಿದ ಚಿತ್ರಗಳು ಯಾವುವೂ ಅವಳಿಗೆ ಹಿಡಿಸಲಿಲ್ಲ.

"ಇವು ಮಷಿನ್ ರೊಟ್ಟಿ. ನಾ ಹಿಂಗ ಬಡಿತೀನಿ" ಎಂದು ಮೇಜಿನ ಮೇಲೆಯೇ ಅಂಗೈ ಊರಿ, ತಿರುಗಿಸಿ ತಿರುಗಿಸಿ ತಟ್ಟಿ ತೋರಿಸಿದಳು.

ಹಿಂದಿನ ಕೋಣೆಯ ಬಾಗಿಲಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ ಪಂಚಶೀಲಾ ಆ ಕೈಗಳನ್ನೇ ನೋಡಿದಳು. "ಇನ್ನೊಮ್ಮಿ ಬಡೀರಿ ಚಾಚಿ" ಎಂದಳು. ಕೆಳಗೆ ಬಿದ್ದಿದ್ದ ಫ್ಲೆಕ್ಸ್ ತುಂಡನ್ನು ಮಗುಚಿ, ಅಳತೆ ಗುರುತಿಸುವ ದಪ್ಪ ಪೆನ್ನಿನಿಂದ ಬರೆಯತೊಡಗಿದಳು. ಮೊದಲನೆಯದು ಕೆಟ್ಟಿತು. ಬಿಸಾಕಿ ಮತ್ತೊಂದು ತುಂಡು ಎಳೆದುಕೊಂಡಳು. ಗೆರೆ ಅಂಕುಡೊಂಕಾಯಿತು, ಆದರೆ ಕೈ ನಿಲ್ಲಲಿಲ್ಲ. ಎರಡು ಕೈ, ನಡುವೆ ಅಗಲವಾಗುತ್ತಿರುವ ರೊಟ್ಟಿ.

ಖಾಸಿಂಬೀ ಬಗ್ಗಿ ನೋಡಿದಳು. "ನನ್ನ ಹೆಬ್ಬೆಟ್ಟ ಇಷ್ಟ ಸೊಟ್ಟ ಅದ ಏನು?"

"ಅದರೀ ಚಾಚಿ."

"ಹೌದ್ ಬಿಡು" ಎಂದು ಅವಳು ನಕ್ಕಳು. ಮನ್ಸೂರಅಲಿ ಅದನ್ನೇ ಬೋರ್ಡಿಗೆ ಹಾಕಿಸಿದರು. ಪಂಚಶೀಲಾ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದಲ್ಲ. ಖಾಸಿಂಬೀಯ ಬೋರ್ಡು ನೋಡಿ ಬಂದ ದರ್ಜಿಯೊಬ್ಬನಿಗೆ ಏನೂ ಬರೆದುಕೊಡಲಾಗಲಿಲ್ಲ, ತುಂಡುಗಳೆಲ್ಲ ಕಸಕ್ಕೆ ಹೋದವು. ಆಮೇಲೆ ಬಂದ ಹಾಲಿನವಳ ಬೋರ್ಡಿಗೆ ಒಂದು ಎಮ್ಮೆಯ ಚಿತ್ರ ಮೂಡಿಬಂತು. ಮುಖಗಳು ಇಂದಿಗೂ ಹುಮೇರಾಳ ಪಾಲು, ಪಂಚಶೀಲಾ ಅವುಗಳ ತಂಟೆಗೆ ಹೋಗುವುದಿಲ್ಲ. ಬೆಳಿಗ್ಗೆ ಅಂಗಡಿಯ ಮೆಟ್ಟಿಲು ಹತ್ತುವಾಗ, ಇವತ್ತು ಗೆರೆ ಬರುತ್ತದೋ ಇಲ್ಲವೋ ಅವಳಿಗೆ ಗೊತ್ತಿರುವುದಿಲ್ಲ. ಬಾರದ ದಿನ ಹಿಂದಿನ ಕೋಣೆಯಲ್ಲಿ ರಿಂಗ್ ಹೊಡೆಯುತ್ತಾಳೆ. ಬಂದ ದಿನ ಯಾರಿಗೂ ಹೇಳುವುದಿಲ್ಲ.